ಬೈಗುಳ, ಸಿನಿಮಾ ಮತ್ತು ನಮ್ಮ ಬಾಯಿ: ನಿಮ್ಮ ಮನೆಗಳಲ್ಲಿ ಏನು ಮಾಡುತ್ತೀರಿ?

ಸಂಡೇಸ್ಕೂಲ್ ಟೀಚರ್, ಉಡುಪಿ
ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಕೇಳಬೇಕು ಅಂದುಕೊಂಡಿದ್ದ ವಿಷಯ ಇದು. ನಾನು ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಚರ್ಚು) ಸಭೆಯವಳು. ಹನ್ನೆರಡು ವರ್ಷದಿಂದ ಸಂಡೇಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೇನೆ.

ಕಳೆದ ವಾರ ರಾತ್ರಿ ಊಟಕ್ಕೆ ಕೂತಿದ್ದೆವು. ಪ್ರಾರ್ಥನೆ ಆಗಿತ್ತು. ಮಗನ ಕೈ ತಾಗಿ ಸಾರಿನ ಪಾತ್ರೆ ಮಗುಚಿತು. ತಕ್ಷಣ ಅವನ ಬಾಯಿಂದ ಇಂಗ್ಲಿಷಿನ ಒಂದು ಬೈಗುಳ ಬಂತು. ಅವನಿಗೆ ಹನ್ನೊಂದು ವರ್ಷ. ಅರ್ಥ ಗೊತ್ತಿರಲಿಕ್ಕಿಲ್ಲ. ಆದರೆ ಹೇಳಿದ ಧಾಟಿ ನೋಡಿದರೆ ಎಷ್ಟೋ ಸಲ ಕೇಳಿ ಬಾಯಿಪಾಠ ಆದ ಹಾಗಿತ್ತು. ನನಗೆ ಕೈಕಾಲು ನಡುಗಿತು. "ದರಿದ್ರದವನೇ, ಎಲ್ಲಿ ಕಲಿತೆ ಇದನ್ನ?" ಎಂದು ಜೋರು ಮಾಡಿದೆ. ಅಣ್ಣನ ಮೊಬೈಲಿನಲ್ಲಿ ಸೀರೀಸ್ ನೋಡುವಾಗ ಕೇಳಿದ್ದು ಅಂದ.

ಆ ಸೀರೀಸ್‌ನ ಒಂದು ಕಂತು ನಾನೂ ನೋಡಿದೆ. ಕಥೆ ಒಳ್ಳೆಯದೇ. ಆದರೆ ಎರಡು ನಿಮಿಷಕ್ಕೊಂದು ಬೈಗುಳ. ನಡುನಡುವೆ ಕೋಪ ಬಂದಾಗ, ಆಶ್ಚರ್ಯ ಆದಾಗ "ಜೀಸಸ್!" ಅನ್ನುತ್ತಾರೆ. ಬೈಗುಳಕ್ಕಿಂತ ಅದೇ ನನಗೆ ಜಾಸ್ತಿ ನೋವಾಯಿತು. ನಾವು ಮೊಣಕಾಲೂರಿ ಕರೆಯುವ ಹೆಸರು ಅದು.

ನಿಮ್ಮ ಬಾಯಿಂದ ಯಾವ ಕೆಟ್ಟ ಮಾತೂ ಹೊರಡಬಾರದು ಎಂದು ಬೈಬಲಿನಲ್ಲಿ ಎಫೆಸ ಊರಿನವರಿಗೆ ಅಪೊಸ್ತಲ ಪೌಲ ಬರೆದಿದ್ದಾನೆ, 4:29ರಲ್ಲಿ. ಬಾಯಿಯ ಮಾತು ಸರಿ, ಕಿವಿಯ ಕಥೆ ಏನು? ಕೇಳುವುದೂ ತಪ್ಪಾ? ನಿಮ್ಮ ಮನೆಗಳಲ್ಲಿ ಹೇಗೆ ಮಾಡಿದ್ದೀರಿ ಹೇಳಿ.

ಎರಡು ಮಕ್ಕಳ ಅಪ್ಪ, ಶಿವಮೊಗ್ಗ
ನಾವು ಸೀದಾ ನಿಲ್ಲಿಸಿದ್ದೇವೆ ಟೀಚರ್. ಬೈಗುಳ ಇರುವ ಯಾವುದನ್ನೂ ಹಾಕುವುದಿಲ್ಲ. ಕೆಟ್ಟ ಸಹವಾಸ ಒಳ್ಳೆಯ ನಡತೆಯನ್ನು ಕೆಡಿಸುತ್ತದೆ, 1 ಕೊರಿಂಥ 15:33. ದಿನಾ ಮನೆಯೊಳಗೆ ಬಂದು ಎರಡು ಗಂಟೆ ಮಾತಾಡುವವನು ಸಹವಾಸ ಅಲ್ಲದೆ ಮತ್ತೇನು?

ಡಬ್ಬಿಂಗ್ ಬರಹಗಾರ, ಬೆಂಗಳೂರು
ಈ ಕೆಲಸದಲ್ಲೇ ಇರುವುದರಿಂದ ಸ್ವಲ್ಪ ಒಳಗಿನ ವಿಷಯ ಹೇಳುತ್ತೇನೆ. ಬೇರೆ ಭಾಷೆಯ ಸಿನಿಮಾ, ಸೀರೀಸ್‌ಗಳಿಗೆ ಕನ್ನಡ ಮಾತು ಬರೆಯುವವನು ನಾನು. ಕ್ರೈಸ್ತನೂ ಹೌದು. ಈ ಪ್ರಶ್ನೆ ನನಗೆ ಪ್ರತಿ ವಾರ ಎದುರಾಗುತ್ತದೆ.

ಥಿಯೇಟರಿಗೆ ಬರುವ ಸಿನಿಮಾಕ್ಕೆ ಸೆನ್ಸಾರ್ ಸರ್ಟಿಫಿಕೇಟ್ ಬೇಕು. ಅಲ್ಲಿ ಕೆಲವು ಮಾತುಗಳನ್ನು ಮ್ಯೂಟ್ ಮಾಡಿಸುತ್ತಾರೆ ಅಥವಾ ಬದಲಿಸಲು ಹೇಳುತ್ತಾರೆ. ಓಟಿಟಿಗೆ ಆ ಸರ್ಟಿಫಿಕೇಟ್ ಇಲ್ಲ. 2021ರ ಐಟಿ ನಿಯಮಗಳ ಪ್ರಕಾರ ಕಂಪನಿಗಳೇ ಯು, ಯು/ಎ 7+, 13+, 16+, ಎ ಎಂದು ವಿಂಗಡಿಸಿ ತೋರಿಸಬೇಕು. 13+ ಮತ್ತು ಅದಕ್ಕಿಂತ ಮೇಲಿನದಕ್ಕೆ ಪೇರೆಂಟಲ್ ಲಾಕ್ ಕೊಡಲೇಬೇಕು. ಟೀಚರ್, ಮೊದಲು ಅದನ್ನು ಹಾಕಿಸಿ. ದೊಡ್ಡ ಮಗನ ಮೊಬೈಲಿನಲ್ಲಿ ಚಿಕ್ಕವನಿಗೆ ಬೇರೆ ಪ್ರೊಫೈಲ್ ಮಾಡಿಕೊಡಿ.

ಈಗ ಬರೆಯುವ ಕಷ್ಟ. ಡಬ್ಬಿಂಗ್‌ನಲ್ಲಿ ತುಟಿ ನೋಡಿ ಬರೆಯಬೇಕು. ಪ, ಬ, ಮ ಹೇಳುವಾಗ ತುಟಿ ಮುಚ್ಚುತ್ತದೆ. ಪರದೆಯ ಮೇಲೆ ನಟನ ತುಟಿ ಮುಚ್ಚಿದ ಕಡೆ ನಮ್ಮ ಪದದಲ್ಲೂ ಅಂಥ ಅಕ್ಷರ ಬೀಳಬೇಕು. ಇಂಗ್ಲಿಷಿನಲ್ಲಿ ಅಪ್ಪ ಗೊತ್ತಿಲ್ಲದವನು ಎಂದು ಹೀಯಾಳಿಸುವ ಪದ 'ಬ'ದಿಂದ ಶುರುವಾಗುತ್ತದೆ. ನಮ್ಮ "ಬೇವರ್ಸಿ" ಅಲ್ಲಿ ಸರಿಯಾಗಿ ಕೂರುತ್ತದೆ. ಅದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. "ಹಗುರವಾಗಿದೆ, ಇರಲಿ" ಅಂತ ಎಲ್ಲರೂ ಒಪ್ಪುತ್ತಾರೆ.

ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. ಪಾತ್ರ ಕೆಟ್ಟದ್ದನ್ನು ಮಾಡುವಾಗ ಅದರ ಬಾಯಲ್ಲಿ ಕಟು ಮಾತು ಬಂದರೆ ಬರೆಯುತ್ತೇನೆ. ನಗಿಸಲಿಕ್ಕೆ ಅಂತಲೇ ಹೆಣ್ಣಿನ ಮೈ ಹಿಡಿದು ಮಾಡುವ ದ್ವಂದ್ವಾರ್ಥ ಬರೆಯುವುದಿಲ್ಲ. ಎಫೆಸ 5:4ರಲ್ಲಿ ಹೊಲಸು ಮಾತು, ಹುಚ್ಚು ಮಾತು, ಕುಚೋದ್ಯ ಮೂರನ್ನೂ ಒಟ್ಟಿಗೆ ಸೇರಿಸಿದ್ದಾನೆ ಪೌಲ. ಇದರಿಂದ ಎರಡು ಕೆಲಸ ಕೈತಪ್ಪಿವೆ. ಪರವಾಗಿಲ್ಲ.

ಮಲ್ಪೆ ಮೀನಿನವನು
ಟೀಚರೇ, ನನ್ನದು ಮೀನಿನ ವ್ಯಾಪಾರ. ನಿಮ್ಮ ಎಫೆಸ 4:29ರ ಬಗ್ಗೆ ಒಂದು ಮಾತು ಉಂಟು.

ಅಲ್ಲಿ ನಮ್ಮ ಕನ್ನಡ ಬೈಬಲಿನಲ್ಲಿ "ಕೆಟ್ಟ ಮಾತು" ಅಂತ ಇದೆ. ಗ್ರೀಕ್ ಮೂಲದಲ್ಲಿರುವ ಪದ "ಸಪ್ರೋಸ್" ಎಂದು ನಮ್ಮ ಸಭಾಪಾಲಕರು ಒಮ್ಮೆ ಹೇಳಿದ್ದರು. ಕೊಳೆತದ್ದು ಅಂತ ಅರ್ಥ. ಮತ್ತಾಯ 13:48ರಲ್ಲಿ ಬಲೆ ಎಳೆದು ದಡದಲ್ಲಿ ಕೂತು ಒಳ್ಳೆಯ ಮೀನನ್ನು ಬುಟ್ಟಿಗೆ ಹಾಕಿ ಕೆಟ್ಟದ್ದನ್ನು ಬಿಸಾಡುತ್ತಾರಲ್ಲ, ಅಲ್ಲಿಯೂ ಇದೇ ಪದವಂತೆ. ಅದನ್ನು ಕೇಳಿದ ದಿನದಿಂದ ನನಗೆ ಆ ವಾಕ್ಯ ಬೇರೆ ತರ ಕಾಣುತ್ತದೆ.

ಕೊಳೆತ ಮೀನು ಹೇಗೆ ಗೊತ್ತಾಗುತ್ತದೆ? ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ. ಮಳೆಗಾಲದ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಆಗ ದೂರದಿಂದ ಐಸಿನ ಮೀನು ಬರುತ್ತದೆ. ಬಂಗುಡೆಯ ಬೆನ್ನು ಮಿರಿಮಿರಿ ಹೊಳೆಯುತ್ತಿರುತ್ತದೆ. ಕಿವಿರು ಎತ್ತಿ ನೋಡಬೇಕು. ಕೆಂಪಗಿದ್ದರೆ ತಾಜಾ. ಕಂದು ಬಣ್ಣಕ್ಕೆ ತಿರುಗಿದ್ದರೆ ಹೋಯಿತು. ಬೆರಳಲ್ಲಿ ಒತ್ತಿದರೆ ಗುಳಿ ಹಾಗೇ ನಿಲ್ಲುತ್ತದೆ. ಹೊಳಪು ಐಸಿನದ್ದು, ಒಳಗೆ ಕೊಳೆತಿರುತ್ತದೆ. ಮತ್ತೊಂದು, ಬಾಕ್ಸಿನಲ್ಲಿ ಅಂಥದ್ದು ಒಂದಿದ್ದರೆ ಸಾಕು, ಅದರ ನೀರು ಇಳಿದು ಕೆಳಗಿನವೂ ಹಾಳು.

ನಮ್ಮ ಬಂದರಿನಲ್ಲಿ ಬೆಳಿಗ್ಗೆ ಏಲಂ ಹೊತ್ತಿಗೆ ಕೇಳುವ ಬೈಗುಳ ಕೇಳಿದರೆ ನಿಮಗೆ ತಲೆ ತಿರುಗಬಹುದು. ಅದರಲ್ಲಿ ಎಷ್ಟೋ ಸುಮ್ನೆ ಹೊರಗಿನ ಗಲೀಜು, ನೀರು ಹಾಕಿದರೆ ಹೋಗುತ್ತದೆ. ಮೆಲ್ಲಗೆ, ನಗುತ್ತಾ ಒಬ್ಬನ ಮಾನ ತೆಗೆಯುವ ಮಾತೂ ಅದೇ ಬಂದರಿನಲ್ಲಿ ಕೇಳಿದ್ದೇನೆ. ಅದು ಕಿವಿರು ಕಂದಾದದ್ದು.

ಫ್ರೇಜರ್ ಟೌನ್ ಹುಡುಗ
ಮೀನಿನ ಅಣ್ಣ ಹೇಳಿದ್ದು ಚೆನ್ನಾಗಿದೆ. ಆದರೆ ನನ್ನದೊಂದು ತಕರಾರಿದೆ, ಬೇಜಾರು ಮಾಡ್ಕೋಬೇಡಿ. ಸಭೆಯಲ್ಲಿ ನಾವು ಬೈಬಲನ್ನೇ ಜಾಸ್ತಿ ನಯ ಮಾಡಿ ಓದುತ್ತೇವೆ. ಫಿಲಿಪ್ಪಿ 3:8ರಲ್ಲಿ ಪೌಲ ತನ್ನ ಹಳೆಯ ಹೆಚ್ಚಳವನ್ನೆಲ್ಲ "ಕಸ" ಅನ್ನುತ್ತಾನೆ. ಮೂಲದ ಪದದಲ್ಲಿ ಹೇಲು, ಸೆಗಣಿ, ನಾಯಿಗೆ ಎಸೆದ ಎಂಜಲು ಎಲ್ಲ ಅರ್ಥವೂ ಇದೆ. ಯೆಹೆಜ್ಕೇಲನ 23ನೇ ಅಧ್ಯಾಯವನ್ನು ಯಾವ ಸಂಡೇಸ್ಕೂಲಿನಲ್ಲೂ ಓದಿಸುವುದಿಲ್ಲ, ಅಷ್ಟು ಹಸಿಹಸಿ ಮಾತು ಅಲ್ಲಿದೆ. ಬಾಳ ಎಂಬ ಬೇರೆ ದೇವರ ಪ್ರವಾದಿಗಳನ್ನು ಪ್ರವಾದಿ ಎಲೀಯ ಹೇಗೆ ಗೇಲಿ ಮಾಡಿದ ನೋಡಿ. ಯೇಸುವೇ ಧರ್ಮದ ಮುಖಂಡರಾದ ಫರಿಸಾಯರಿಗೆ ಹಾವಿನ ಪೀಳಿಗೆ ಅಂದರು, ಆಳುತ್ತಿದ್ದ ಹೆರೋದನನ್ನು ನರಿ ಅಂದರು.

ಹಾಗಾದರೆ ಕಟುವಾದ ಮಾತೆಲ್ಲ ಪಾಪ ಎಂದು ಹೇಗೆ ಹೇಳುವುದು? ಕೊಳೆಗೇರಿಯ ಬದುಕು ತೋರಿಸುವ ಸಿನಿಮಾದಲ್ಲಿ ಎಲ್ಲರೂ ಪುಸ್ತಕದ ಕನ್ನಡ ಮಾತಾಡಿದರೆ ಅದು ಸುಳ್ಳಾಗುತ್ತದೆ. ಸುಳ್ಳು ಹೇಳಬಾರದು ಅನ್ನುವುದೂ ಆಜ್ಞೆಯೇ ಅಲ್ವಾ?

ಸಂಡೇಸ್ಕೂಲ್ ಟೀಚರ್, ಉಡುಪಿ
ಬೇಜಾರೇನೂ ಇಲ್ಲ ತಮ್ಮಾ, ಒಳ್ಳೆಯ ಪ್ರಶ್ನೆ. ಆದರೆ ಯೇಸು ಯಾರಿಗೆ ಹಾಗೆ ಅಂದರು ಅನ್ನುವುದನ್ನೂ ನೋಡು. ಕುರ್ಚಿಯಲ್ಲಿ ಕೂತವರಿಗೆ ಅಂದರು. ಬಾವಿಕಟ್ಟೆಗೆ ಬಂದ ಸಮಾರ್ಯದ ಹೆಂಗಸಿಗೆ ಹೇಳಲಿಲ್ಲ, ಆಕೆಗೆ ಐದು ಗಂಡಂದಿರಾಗಿದ್ದರು ಎಂದು ಗೊತ್ತಿದ್ದೂ. ಅದೇ ಬಾಯಿ ಎರಡು ಕಡೆ ಎರಡು ತರ ಮಾತಾಡಿತು.

ಡಬ್ಬಿಂಗ್ ಸರ್, ಲಾಕ್ ಹಾಕಿದೆ. ಥ್ಯಾಂಕ್ಸ್.

ಮಾಂಟ್ರಿಯಲ್ ಕನ್ನಡಿಗ
ಟೀಚರ್ ಹೇಳಿದ "ಜೀಸಸ್!" ವಿಷಯಕ್ಕೆ ಇಲ್ಲಿಂದ ಒಂದು ಉದಾಹರಣೆ. ಇಲ್ಲಿ ಕೆನಡಾದ ಕ್ವಿಬೆಕ್‌ನ ಫ್ರೆಂಚ್‌ನಲ್ಲಿ ಎಲ್ಲಕ್ಕಿಂತ ಕಟುವಾದ ಬೈಗುಳಗಳು ಚರ್ಚಿನಿಂದ ಬಂದವು. ಬಲಿಪೂಜೆಯಲ್ಲಿ ಪರಮಪ್ರಸಾದವಾಗಿ ಕೊಡುವ ರೊಟ್ಟಿ, ಅದನ್ನು ಇಡುವ ಪೆಟ್ಟಿಗೆ, ಪಾನಪಾತ್ರೆ, ಇವುಗಳ ಹೆಸರನ್ನೇ ಸ್ವಲ್ಪ ತಿರುಚಿ ಬೈಯುತ್ತಾರೆ. ಬಂದ ಹೊಸತರಲ್ಲಿ ಪಕ್ಕದ ಮನೆಯವರು ಹಿಮದಲ್ಲಿ ಸಿಕ್ಕಿಬಿದ್ದ ಕಾರು ತಳ್ಳುತ್ತಾ ಇವನ್ನೆಲ್ಲ ಒಂದೇ ಉಸಿರಿಗೆ ಹೇಳಿದ್ದರು. ಅರ್ಥ ತಿಳಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ ನನಗೆ.

1960ರ ತನಕ ಇಲ್ಲಿ ಶಾಲೆ, ಆಸ್ಪತ್ರೆ ಎಲ್ಲ ಹೆಚ್ಚಾಗಿ ಚರ್ಚಿನ ಕೈಯಲ್ಲಿತ್ತು. ಆ ಹಿಡಿತದ ಮೇಲಿನ ಸಿಟ್ಟೂ ಆ ಬೈಗುಳಗಳಲ್ಲಿ ಸೇರಿದೆ ಅನ್ನುತ್ತಾರೆ. ಅದಕ್ಕೆ ಈಗ ಅಂಥ ಮಾತು ಕೇಳಿದಾಗ ಸಿಟ್ಟು ಬರುವುದಿಲ್ಲ, ದುಃಖವಾಗುತ್ತದೆ. ಈ ಜನಕ್ಕೆ ಆ ಪಾನಪಾತ್ರೆಯನ್ನು ನಾವು ಹೇಗೆ ತೋರಿಸಿದ್ದೆವು ಅಂತ ಯೋಚನೆ ಬರುತ್ತದೆ.

ಬಿಜೈ ಹೆಂಗಸು, ಮಂಗಳೂರು
ನಮ್ಮದು ಕೊಂಕಣಿ ಕ್ಯಾಥೊಲಿಕ್ ಮನೆ. ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದು ಅನ್ನುವ ಎರಡನೇ ಆಜ್ಞೆ ಇದೆಯಲ್ಲ, ಅದರ ಬಗ್ಗೆ ಬರೆಯುತ್ತೇನೆ.

ಎರಡು ಮಕ್ಕಳ ಅಪ್ಪ, ಶಿವಮೊಗ್ಗ
ಮೂರನೇ ಆಜ್ಞೆ ಅಲ್ವಾ ಮೇಡಂ?

ಬಿಜೈ ಹೆಂಗಸು, ಮಂಗಳೂರು
ನಿಮಗೆ ಮೂರನೆಯದು, ನಮಗೆ ಎರಡನೆಯದು. ವಿಗ್ರಹದ ಮಾತನ್ನು ನಾವು ಮೊದಲನೆಯದರ ಜೊತೆಯೇ ಎಣಿಸುತ್ತೇವೆ, ಕೊನೆಯಲ್ಲಿ ಆಸೆಪಡಬಾರದು ಅನ್ನುವುದನ್ನು ಎರಡು ಮಾಡುತ್ತೇವೆ. ಒಟ್ಟು ಹತ್ತೇ. ಮಾತು ಒಂದೇ.

ನನ್ನ ಅಜ್ಜಿ ಸಿಡಿಲು ಬಡಿದರೆ "ಸಾಯ್ಬಾ ಭೊಗೊಸ್" ಅನ್ನುತ್ತಿದ್ದರು. ಸ್ವಾಮಿ, ಕ್ಷಮಿಸು ಅಂತ. ಹಾಲು ಉಕ್ಕಿದರೂ ಅದೇ, ಯಾರಾದರೂ ಸತ್ತರು ಅಂದರೂ ಅದೇ. ಆದರೆ ಪ್ರತಿ ಸಲ ಕೈ ಎದೆಗೆ ಹೋಗುತ್ತಿತ್ತು. ಅದು ಪ್ರಾರ್ಥನೆಯೇ. ಈಗ ನನ್ನ ಮಗಳು ನೆಟ್ ನಿಧಾನ ಆದರೆ "ಓ ಮೈ ಗಾಡ್" ಅನ್ನುತ್ತಾಳೆ, ಕಣ್ಣು ಫೋನಿನಿಂದ ಏಳುವುದಿಲ್ಲ. ಒಂದು ದಿನ ಕೇಳಿದೆ, "ಕರೆದೆಯಲ್ಲ, ಏನು ಬೇಕಿತ್ತು?" ಅಂತ. ಅವಳು ನನ್ನ ಮುಖ ನೋಡಿದಳು. ಬೈಯಲಿಲ್ಲ ನಾನು. ಒಬ್ಬರ ಹೆಸರು ಹಿಡಿದು ಕರೆದು, ಅವರು ತಿರುಗಿದಾಗ ಏನೂ ಇಲ್ಲ ಅನ್ನುವುದು ಸರಿಯಲ್ಲ ಅಂದೆ, ಅಷ್ಟೇ.

ಇನ್ನು ನಮ್ಮ ಕನ್ನಡದ "ದೇವರಾಣೆ", "ತಾಯಾಣೆ". ಬಸ್ಸಿನಲ್ಲಿ, ಅಂಗಡಿಯಲ್ಲಿ ದಿನಕ್ಕೆ ನೂರು ಸಲ ಕೇಳುತ್ತೇವೆ. ಅದನ್ನು ಯಾರೂ ಕೆಟ್ಟ ಮಾತು ಅನ್ನುವುದಿಲ್ಲ. ಆಣೆಯನ್ನೇ ಇಡಬೇಡಿ, ನಿಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಅಂತಿರಲಿ ಎಂದು ಮತ್ತಾಯ 5ರಲ್ಲಿ ಇದೆ. ನಾನು ಮೀನು ಕೊಳ್ಳುವಾಗ ಆಣೆ ಹಾಕುವವನ ಹತ್ತಿರ ಕೊಳ್ಳುವುದೇ ಇಲ್ಲ. ಮಲ್ಪೆಯವರು ಕ್ಷಮಿಸಬೇಕು.

ಮಲ್ಪೆ ಮೀನಿನವನು
ಸರಿಯಾಗಿಯೇ ಮಾಡಿದ್ದೀರಿ ಮಾರಾಯ್ರೇ.

ಸಕಲೇಶಪುರದವಳು
ಇದನ್ನು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಕೆಲವು ಪದಗಳನ್ನು ಪೂರ್ತಿ ಬರೆಯಲೇಬೇಕಾಗಿದೆ. ತಪ್ಪು ತಿಳಿಯಬೇಡಿ.

ನಮ್ಮ ಅಜ್ಜಿಗೆ ಇಪ್ಪತ್ತಾರನೇ ವಯಸ್ಸಿಗೆ ಗಂಡ ಹೋದರು. ಕಾಫಿ ತೋಟದ ಲೈನ್ ಮನೆಯಲ್ಲಿ ಮೂರು ಮಕ್ಕಳನ್ನು ಸಾಕಿದರು. ಬೀದಿ ನಲ್ಲಿಯಲ್ಲಿ ಕೊಡದ ಸರದಿಗೆ ಜಗಳ ಆದಾಗೆಲ್ಲ ಅವರಿಗೆ ಬೀಳುತ್ತಿದ್ದ ಮಾತು ಒಂದೇ, "ಮುಂಡೆ". ಗಂಡ ಸತ್ತವಳು ಅಂತ ಅರ್ಥ. ಅದು ಬೈಗುಳ ಹೇಗಾಯಿತು? ಅಜ್ಜಿ ಕೊಡ ಅಲ್ಲೇ ಬಿಟ್ಟು ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. ನೀರಿಲ್ಲದೆ ಅಡುಗೆ ಆಗದ ರಾತ್ರಿಗಳು ಅಮ್ಮನಿಗೆ ಈಗಲೂ ನೆನಪಿವೆ.

ಡಬ್ಬಿಂಗ್ ಸರ್ ಬರೆದ "ಬೇವರ್ಸಿ" ನೋಡಿ. ಬೇ ವಾರಸು, ವಾರಸುದಾರರು ಇಲ್ಲದವನು. ಹೇಳಿಕೊಳ್ಳಲು ಹಿಂದೆ ಮುಂದೆ ಯಾರೂ ಇಲ್ಲದ ಅನಾಥ. "ದರಿದ್ರ" ಅಂದರೆ ಬಡವ.

ವಿಧವೆ, ಅನಾಥ, ಬಡವ. ಬೈಬಲ್ ಪೂರ್ತಿ ಹುಡುಕಿ, ದೇವರು ಯಾರ ಕಡೆ ನಿಂತಿದ್ದಾರೆ ಅಂತ. ವಿಮೋಚನಕಾಂಡ 22:22 ವಿಧವೆಯನ್ನೂ ತಂದೆಯಿಲ್ಲದ ಮಗುವನ್ನೂ ಬಾಧಿಸಬಾರದು ಅನ್ನುತ್ತದೆ. ಸಂಕಟದಲ್ಲಿರುವ ಅನಾಥರನ್ನೂ ವಿಧವೆಯರನ್ನೂ ನೋಡಿಕೊಳ್ಳುವುದೇ ಶುದ್ಧ ಭಕ್ತಿ ಎಂದು ಯಾಕೋಬ 1:27ರಲ್ಲಿದೆ. ಬಡವರು ಧನ್ಯರು ಅಂದರು ಯೇಸು. ಅವರು ಯಾರನ್ನು ಕಾಪಾಡು ಅಂದರೋ ಅವರ ಹೆಸರನ್ನೇ ಹಿಡಿದು ನಾವು ಬೈಯುತ್ತಿದ್ದೇವೆ. "ಕಿವುಡಾ", "ಕುಂಟಾ" ಅನ್ನುವುದೂ ಹೀಗೇ. ಕಿವುಡನನ್ನು ಶಪಿಸಬಾರದು ಎಂದು ಯಾಜಕಕಾಂಡ 19:14ರಲ್ಲಿ ಸ್ಪಷ್ಟವಾಗಿಯೇ ಇದೆ. ಅವನಿಗೆ ಕೇಳಿಸುವುದಿಲ್ಲ ಅಂತ ನಮಗೆ ಧೈರ್ಯ.

ಇವು ಯಾವುವೂ ಸೆನ್ಸಾರಿನಲ್ಲಿ ಮ್ಯೂಟ್ ಆಗದೆ ಹಾಸ್ಯ ದೃಶ್ಯಗಳಲ್ಲಿ ಎಷ್ಟೋ ಸಲ ಬಂದಿವೆ. ಮನೆಮಂದಿ ಎಲ್ಲ ಕೂತು ನಗುತ್ತೇವೆ.

ಟೀಚರ್ ಅಕ್ಕ, ನಿಮ್ಮ ಮೇಲೆ ನನಗೆ ತುಂಬಾ ಗೌರವ. ಮಗನಿಗೆ ನೀವು ಅಂದ ಮೊದಲ ಮಾತನ್ನು ಒಮ್ಮೆ ತಿರುಗಿ ಓದಿ.

ಗ್ಯಾರೇಜಿನವ, ಹುಬ್ಬಳ್ಳಿ
ಸಕಲೇಶಪುರದ ಅಕ್ಕ ಬರೆದದ್ದು ಓದಿ ಗ್ಯಾರೇಜಿನಲ್ಲೇ ಕೂತುಬಿಟ್ಟೆ. ನಮ್ಮದು ಅಜ್ಜನ ಕಾಲದಿಂದ ಬಾಸೆಲ್ ಮಿಶನ್ ಸಭೆಯ ಮನೆ. ನನ್ನದೂ ಒಂದು ಹೇಳಿಬಿಡುತ್ತೇನೆ.

ನಮ್ಮಲ್ಲಿ "ಲೇ ಮಗನ, ಹದಿಮೂರರ ಪಾನಾ ಕೊಡಲೇ" ಅಂದರೆ ಅದು ಬೈಗುಳ ಅಲ್ಲರೀ. ಹಾಗೆ ಕರೆಯದೇ ಇದ್ದರೆ ಹುಡುಗರು "ಅಣ್ಣಗ ಸಿಟ್ಟು ಬಂದೈತಿ" ಅಂದುಕೊಳ್ಳುತ್ತಾರೆ. ಇದು ಹೊರಗಿನವರಿಗೆ ತಿಳಿಯುವುದಿಲ್ಲ. ಒಮ್ಮೆ ಒಬ್ಬ ಗಿರಾಕಿ ಒಂದೂ ಕೆಟ್ಟ ಪದ ಬಳಸದೆ ನಮ್ಮ ಹುಡುಗನ ಎದುರಿಗೇ "ಇಂಥವರ ಕೈಗೆ ಗಾಡಿ ಕೊಡಬಾರದು" ಅಂದರು. ಹುಡುಗ ಕೈ ಒರೆಸಿಕೊಂಡು ಹಿಂದೆ ಹೋಗಿ ನಿಂತ. ಮೀನಿನ ಅಣ್ಣ ಹೇಳಿದ ಕಿವಿರು ಕಂದಾದದ್ದು ಅಂದರೆ ಅದೇ.

ಆದರೆ ನಾನೂ ಒಂದು ದಿನ ಜಾರಿದೆ. ಇಂಜಿನ್ ಬಿಚ್ಚಿ ಇಟ್ಟಿದ್ದೆವು. ಹೊಸ ಹುಡುಗ ಬೋಲ್ಟ್‌ಗಳನ್ನು ಕಲಸಿಬಿಟ್ಟ. ಬಿಸಿಲು, ಗಿರಾಕಿ ತಲೆ ಮೇಲೆ ಕೂತಿದ್ದಾರೆ. ಅವನ ತಾಯಿಯನ್ನು ಹಿಡಿದು ಬೈದೆ. ದಿನಾ ಎಲ್ಲರೂ ಅನ್ನುವ ಮಾತೇ. ಅವನು ಏನೂ ಹೇಳಲಿಲ್ಲ. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ಉಳಿದ ಹುಡುಗರನ್ನು ಕೇಳಿದೆ. ಅವನ ತಾಯಿ ತೀರಿಕೊಂಡು ಇನ್ನೂ ವರ್ಷ ಆಗಿರಲಿಲ್ಲ.

ಮನೆಗೆ ಹೋದೆ. ಬಾಗಿಲಲ್ಲೇ ಗೋಡೆಯ ಮೇಲೆ ಆಕೆಯ ಫೋಟೋ, ಕುಂಕುಮ, ಹಾರ. ನಾನು ಬೈದದ್ದು ಅವರನ್ನು. "ತಪ್ಪಾತಪಾ" ಅಂದೆ. ಹುಡುಗ ಅತ್ತ, ನಾನೂ ಅತ್ತೆ. ಈಗ ನಮ್ಮ ಗ್ಯಾರೇಜಿನಲ್ಲಿ ಒಂದೇ ಒಂದು ಮಾತು ಕಟ್ಟುನಿಟ್ಟು. ತಾಯಿ, ಅಕ್ಕ ತಂಗಿಯರ ಸುದ್ದಿ ತೆಗೆಯಬಾರದು. ಬೇರೆ ಯಾವ ಧರ್ಮದವರೂ ಇದಕ್ಕೆ ಇಲ್ಲ ಅನ್ನಲಿಲ್ಲ. ಮೂರು ವರ್ಷ ಆಯಿತು.

ಫ್ರೇಜರ್ ಟೌನ್ ಹುಡುಗ
ಇದನ್ನೆಲ್ಲ ಓದಿದ ಮೇಲೆ ನನ್ನ ಪ್ರಶ್ನೆ ಸ್ವಲ್ಪ ಬದಲಾಗಿದೆ. ನಿಷೇಧದ ಪಟ್ಟಿ ಮಾಡಿದರೆ ಸಾಲದು ಅನ್ನುವುದಕ್ಕೆ ಒಂದು ದೊಡ್ಡ ಉದಾಹರಣೆ ಅಮೆರಿಕದಲ್ಲೇ ಇದೆ. ನಾನು ಓದಿದ್ದು ಸಿನಿಮಾ ಇತಿಹಾಸ, ಅದಕ್ಕೆ ಹೇಳುತ್ತೇನೆ.

1930ರಲ್ಲಿ ಹಾಲಿವುಡ್ ಒಂದು ನೀತಿಸಂಹಿತೆ ಒಪ್ಪಿಕೊಂಡಿತು. ಅದನ್ನು ಬರೆಯುವುದರಲ್ಲಿ ಮುಖ್ಯ ಪಾತ್ರ ಡ್ಯಾನಿಯಲ್ ಲಾರ್ಡ್ ಎಂಬ ಜೆಸ್ವಿತ್ ಗುರುಗಳದ್ದು ಮತ್ತು ಸಿನಿಮಾ ಪತ್ರಿಕೆಯ ಮಾಲೀಕರಾಗಿದ್ದ ಮಾರ್ಟಿನ್ ಕ್ವಿಗ್ಲಿ ಎಂಬ ಕ್ಯಾಥೊಲಿಕರದ್ದು. 1934ರಿಂದ ಗಟ್ಟಿಯಾಗಿ ಜಾರಿಯಾಯಿತು. ಅದೇ ಹೊತ್ತಿಗೆ ಚರ್ಚುಗಳಲ್ಲಿ ಜನ ಎದ್ದು ನಿಂತು ಕೆಟ್ಟ ಸಿನಿಮಾ ನೋಡುವುದಿಲ್ಲ ಎಂದು ಪ್ರತಿಜ್ಞೆ ಮಾಡುತ್ತಿದ್ದರು. ದೇವರು, ಯೇಸು, ಕ್ರಿಸ್ತ ಎಂಬ ಹೆಸರುಗಳನ್ನು ಭಕ್ತಿಯಿಂದಲ್ಲದೆ ಬಳಸಬಾರದು ಎಂದು ಸಂಹಿತೆಯಲ್ಲೇ ಬರೆದಿತ್ತು. ಟೀಚರ್ ಕೇಳುತ್ತಿರುವುದೂ ಇದನ್ನೇ ಅಲ್ವಾ?

ಆದರೆ ಅದೇ ಸಂಹಿತೆಯಲ್ಲಿ ಇನ್ನೊಂದು ಸಾಲಿತ್ತು. ಕರಿಯರು ಮತ್ತು ಬಿಳಿಯರ ನಡುವಿನ ಪ್ರೇಮ, ಮದುವೆಯ ಸಂಬಂಧ ತೋರಿಸಬಾರದು ಅಂತ. 1956ರ ತನಕ ಆ ಸಾಲು ಹಾಗೇ ಇತ್ತು. ಬಾಯಿ ತೊಳೆದುಕೊಂಡರು, ಒಳಗಿನ ತಿರಸ್ಕಾರ ಹಾಗೇ ಉಳಿಯಿತು. 1968ರಲ್ಲಿ ಇಡೀ ಸಂಹಿತೆ ಹೋಗಿ ವಯಸ್ಸಿನ ರೇಟಿಂಗ್ ಬಂತು.

ನಮ್ಮಲ್ಲೂ 2015ರಲ್ಲಿ ಸೆನ್ಸಾರ್ ಮಂಡಳಿಯ ಆಗಿನ ಅಧ್ಯಕ್ಷರು ಬೈಗುಳಗಳ ಪಟ್ಟಿಯೊಂದನ್ನು ಹೊರಡಿಸಿ, ಗಲಾಟೆ ಆಗಿ ಅದನ್ನು ತಡೆಹಿಡಿದರು. ಒಡಹುಟ್ಟಿದವನಿಗೆ "ರಕಾ" ಅನ್ನುವವನ ಬಗ್ಗೆ ಯೇಸು ಎಷ್ಟು ಕಠಿಣವಾಗಿ ಹೇಳಿದ್ದಾರೆ, ಮತ್ತಾಯ 5:22. ತಲೆಯಲ್ಲಿ ಏನೂ ಇಲ್ಲದವನೇ ಅನ್ನುವ ಹಾಗಿನ ಮಾತು ಅದು. ಅದನ್ನು ಯಾವ ಪಟ್ಟಿಯಲ್ಲಿ ಹಾಕುವುದು?

ಎರಡು ಮಕ್ಕಳ ಅಪ್ಪ, ಶಿವಮೊಗ್ಗ
ಒಪ್ಪುತ್ತೇನೆ. ಆದರೂ ನಾನು ಟಿವಿ ಬಂದ್ ಮಾಡಿದ್ದನ್ನು ಬದಲಿಸುವುದಿಲ್ಲ. ನನ್ನ ಮಗನಿಗೆ ಆರು ವರ್ಷ. ಪಟ್ಟಿ ಸಾಲದು ಅನ್ನುವುದು ನಿಜ, ಆ ವಯಸ್ಸಿಗೆ ಪಟ್ಟಿಯೂ ಬೇಕು. ನನ್ನ ಹೆಂಡತಿ ಮಾತ್ರ ಈ ಚರ್ಚೆ ಓದಿ ಕೇಳಿದಳು, ನೀವು ಟ್ರಾಫಿಕ್‌ನಲ್ಲಿ ಮುಂದಿನವನಿಗೆ ಅನ್ನುವುದನ್ನು ಬಂದ್ ಮಾಡುವುದು ಯಾವಾಗ ಅಂತ. ನಾಳೆಯಿಂದ ಪ್ರಯತ್ನ ಮಾಡುತ್ತೇನೆ. "ನನ್ನ ಬಾಯಿಗೆ ಕಾವಲಿಡು" ಅನ್ನುವ ಕೀರ್ತನೆ 141:3ನ್ನು ಚೀಟಿಯಲ್ಲಿ ಬರೆದು ಸ್ಟೇರಿಂಗ್ ಹತ್ತಿರ ಅಂಟಿಸಿದ್ದಾಳೆ.

ಡಬ್ಬಿಂಗ್ ಬರಹಗಾರ, ಬೆಂಗಳೂರು
ಸಕಲೇಶಪುರದ ಮೇಡಂ, "ಬೇವರ್ಸಿ" ಪದದ ಅರ್ಥವನ್ನು ನಾನು ಇಷ್ಟು ವರ್ಷ ಯೋಚಿಸಿಯೇ ಇರಲಿಲ್ಲ. ಪದಗಳನ್ನೇ ಮಾರಿ ಬದುಕುವವನು ನಾನು. ಇವತ್ತು ಮೇಜಿನ ಮೇಲೆ ಒಂದು ಸ್ಕ್ರಿಪ್ಟ್ ಇದೆ, ಅದರಲ್ಲಿ ನಾಲ್ಕು ಕಡೆ ಬರೆದಿದ್ದೆ. ಮೂರು ಕಡೆ "ಪಾಪಿ", "ಮೋಸಗಾರ" ಎಂದು ಬದಲಿಸಿದೆ. ಎರಡರಲ್ಲೂ ತುಟಿ ಮುಚ್ಚುವ ಅಕ್ಷರ ಸಿಗುತ್ತದೆ. ಅವನು ಮಾಡಿದ ಕೆಲಸಕ್ಕೆ ಬೈದ ಹಾಗೂ ಆಯಿತು. ನಾಲ್ಕನೆಯದು ಒಬ್ಬ ಜಮೀನ್ದಾರ ಅನಾಥ ಹುಡುಗನಿಗೆ ಅನ್ನುವ ಮಾತು. ಅದನ್ನು ಹಾಗೇ ಬಿಟ್ಟೆ. ಆ ಹುಡುಗನಿಗೆ ಎಷ್ಟು ನೋವಾಯಿತು ಎಂದು ನೋಡುವವರಿಗೆ ತಿಳಿಯಬೇಕು.

ಸಂಡೇಸ್ಕೂಲ್ ಟೀಚರ್, ಉಡುಪಿ
ನಾಲ್ಕು ದಿನ ಏನೂ ಬರೆಯಲಿಲ್ಲ, ಕ್ಷಮಿಸಿ.

ಸಕಲೇಶಪುರದ ತಂಗೀ, ತಿರುಗಿ ಓದಿದೆ. "ದರಿದ್ರದವನೇ" ಅಂದದ್ದು ನನಗೆ ಗೊತ್ತೇ ಆಗಿರಲಿಲ್ಲ. ನನ್ನ ಅಮ್ಮ ನನಗೆ ಅನ್ನುತ್ತಿದ್ದರು, ನಾನು ನನ್ನ ಮಗನಿಗೆ ಅಂದೆ. ಮನೆ ಕೆಲಸಕ್ಕೆ ಬರುವ ಹುಡುಗಿ ಆಗ ಅಲ್ಲೇ ಪಾತ್ರೆ ತೊಳೆಯುತ್ತಿದ್ದಳು. ಬಾಡಿಗೆ ಕಟ್ಟಲು ಆಗದೆ ಹೋದ ತಿಂಗಳು ಅವರ ಮನೆ ಬದಲಾಯಿತು. ಅವಳ ಕಿವಿಗೆ ಆ ಮಾತು ಹೇಗೆ ಬಿದ್ದಿರಬೇಕು ಅಂತ ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ.

ಮಗನನ್ನು ಕೂರಿಸಿಕೊಂಡು ಮಾತಾಡಿದೆ. ನಿನ್ನದೂ ತಪ್ಪು, ನನ್ನದೂ ತಪ್ಪು ಅಂದೆ. ನನ್ನ ಮಾತಿನ ಅರ್ಥವನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾನು ಅಂದದ್ದರ ಅರ್ಥ ಏನಮ್ಮಾ?" ಅಂದ. ಹೇಳಲೇಬೇಕಾಯಿತು. ಅವನಿಗೆ ತಿಳಿಯುವಷ್ಟು ಹೇಳಿದೆ. ಮುಖ ಕೆಂಪಾಯಿತು ಅವನದ್ದು. ಸೀರೀಸ್ ಈಗ ಇಲ್ಲ. ದೊಡ್ಡವನು ನೋಡುವಾಗ ಕೆಲವು ಸಲ ಜೊತೆಗೆ ಕೂರುತ್ತೇನೆ, ಅವನಿಗೆ ಮೊದಲು ಮುಜುಗರವಾಯಿತು, ಈಗ ಅವನೇ ನಿಲ್ಲಿಸಿ ಒಂದೊಂದು ಕೇಳುತ್ತಾನೆ.

ಮೀನಿನ ಅಣ್ಣಾ, ಬರುವ ಭಾನುವಾರ ಮಕ್ಕಳಿಗೆ ಮತ್ತಾಯ 13ರ ಬಲೆಯ ಸಾಮ್ಯ. ಎರಡು ಬಂಗುಡೆ ತೆಗೆದುಕೊಂಡು ಹೋಗಿ ಕಿವಿರು ಎತ್ತಿ ತೋರಿಸಬೇಕು ಅಂತಿದ್ದೇನೆ. ತಾಜಾ ಒಂದು, ಕೆಟ್ಟದ್ದು ಒಂದು. ಕೆಟ್ಟದ್ದು ಎಲ್ಲಿ ಸಿಗುತ್ತದೆ?

ಮಲ್ಪೆ ಮೀನಿನವನು
ಕೆಟ್ಟದ್ದನ್ನು ಕೊಳ್ಳುವುದು ಎಂತಕ್ಕೆ ಟೀಚರೇ. ಶುಕ್ರವಾರ ಬಂದು ಎರಡೂ ತಾಜಾ ತೆಗೆದುಕೊಳ್ಳಿ. ಒಂದನ್ನು ಐಸಿನಲ್ಲಿಡಿ, ಇನ್ನೊಂದನ್ನು ಮುಚ್ಚಳದ ಡಬ್ಬಿಯಲ್ಲಿ ಹೊರಗಿಡಿ. ಭಾನುವಾರಕ್ಕೆ ಆಗುತ್ತದೆ. ಡಬ್ಬಿಯನ್ನು ಕ್ಲಾಸಿನಲ್ಲಿ ತೆಗೆಯಬೇಡಿ, ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ತೆಗೆಯಿರಿ. ಆಮೇಲೆ ಗುಂಡಿ ತೋಡಿ ತೆಂಗಿನ ಬುಡಕ್ಕೆ ಹಾಕಿ. ದುಡ್ಡು ಬೇಡ.